ಕ್ಲಿಕ್ಕಕ್ಕನ ಬೆಳಗಿನ ಕರೆಗಳು

ಕಿಟಕಿಯಾಚೆ ಇನ್ನೂ ಬೆಳಕು ಹರಿದಿಲ್ಲ. ಮೂರನೇ ಮಹಡಿಯ ಬಾಲ್ಕನಿಗೆ ಗಾಜು ಹಾಕಿಸಿ ಮಾಡಿಕೊಂಡ ಕೋಣೆ ಇದು. ಒಂದು ಬದಿಗೆ ಬಟ್ಟೆ ಒಗೆಯುವ ಮೆಷಿನ್, ಇನ್ನೊಂದು ಬದಿಗೆ ಗೋಡೆಗೆ ಒರಗಿಸಿಟ್ಟ ಇಸ್ತ್ರಿ ಮೇಜು. ಅವೆರಡರ ನಡುವೆ ಉಳಿದ ಜಾಗದಲ್ಲಿ ಒಂದು ಕುರ್ಚಿ, ಒಂದು ಪುಟ್ಟ ಮೇಜು, ಅದರ ಮೇಲೆ ಮೂಲೆ ಬಿರುಕು ಬಿಟ್ಟ ಲ್ಯಾಪ್‌ಟಾಪ್. ಗಂಡನ ಹಳೆಯ ಸ್ವೆಟರ್ ಹೊದ್ದು ಕೂತಿರುವ ಹೆಂಗಸು ಪರದೆಯ ಮೇಲಿನ ಸಾಲುಗಳನ್ನು ಬೆರಳಿಟ್ಟು ಓದುತ್ತಿದ್ದಾರೆ. ಮಗ್ಗಿ ಒಪ್ಪಿಸುವ ಮಕ್ಕಳ ಹಾಗೆ ತುಟಿ ಅಲ್ಲಾಡುತ್ತಿದೆ.

ಅವು ನಿನ್ನೆಯಿಂದ ಈಚೆಗೆ ಜನ ತಮ್ಮ ಫೋನಿನಲ್ಲಿ ಹುಡುಕಲು ಬರೆದ ಮಾತುಗಳು. ಬೀಗದ ಕೈ ಮುರಿದು ಒಳಗೇ ಸಿಕ್ಕಿಕೊಂಡಿದೆ. ಹಲ್ಲಿನ ಸೆಟ್ ಸಡಿಲ ಆದರೆ ಏನು ಮಾಡೋದು. ಪ್ಯಾಂಟಿನ ಸೊಂಟ ಬಿಡಿಸೋರು ಹತ್ತಿರ ಎಲ್ಲಿದ್ದಾರೆ. ಒಂದೊಂದಕ್ಕೂ ಅವರದು ಒಂದೊಂದು ತೀರ್ಪು. "ಇದು ಇರ್ಲಿ. ಇದು ಬೇಡ. ಇದು ಬೇಡವೇ ಬೇಡ."

ಒಂದು ಸಾಲಿನ ಮುಂದೆ ಬೆರಳು ನಿಲ್ಲುತ್ತದೆ. ಬೀಗ ಸದ್ದಿಲ್ಲದೆ ಒಡೆಯುವ ವಿಧಾನ, ವಿಡಿಯೊ.

"ನೋಡಿ ಇವನನ್ನ. ಇವನು ನಮ್ಮ ಬೀಗದವರ ಗಿರಾಕಿ ಅಲ್ಲ. ಅವರಿಗೆ ಗಿರಾಕಿ ಹುಡುಕಿಕೊಡೋನು!" ಎಂದು ನಗುತ್ತಾರೆ. ನಗು ಆಕಳಿಕೆಯಲ್ಲಿ ಮುಗಿಯುತ್ತದೆ.

ಸಿಟಿ ಬಸ್ ಓಡಿಸುವ ಗಂಡ ಸಮವಸ್ತ್ರದ ಗುಂಡಿ ಹಾಕಿಕೊಳ್ಳುತ್ತಾ ಬಾಗಿಲಲ್ಲಿ ಇಣುಕುತ್ತಾರೆ. ಮೊದಲ ಪಾಳಿ ಅವರದು. ಅರ್ಧ ಲೋಟ ಚಹಾ ಮೇಜಿನ ಮೇಲಿಟ್ಟು ಕೇಳುತ್ತಾರೆ: "ಇವತ್ತು ಯಾರಾದ್ರೂ ಅತ್ತರೇನೇ?"

"ಇನ್ನೂ ಇಲ್ಲ," ಎನ್ನುತ್ತಾರೆ ಹೆಂಡತಿ, ತಲೆ ಎತ್ತದೆ.

ಆ ಪ್ರಶ್ನೆಯೂ ಉತ್ತರವೂ ಲೇಖನ ಬರೆಯಲು ಬಂದ ನನಗೆ ಅರ್ಥವಾಗಲು ಇನ್ನೆರಡು ಬೆಳಗು ಅವರ ಪಕ್ಕದಲ್ಲಿ ಕೂರಬೇಕಾಯಿತು.

ಇವರ ಗಿರಾಕಿಗಳೆಲ್ಲ ಇವರನ್ನು ಕರೆಯುವುದು ಕ್ಲಿಕ್ಕಕ್ಕ ಎಂದು. ಬೀಗದವರು, ಹಲ್ಲಿನ ಸೆಟ್ ಮಾಡುವವರು, ಬಟ್ಟೆ ಸರಿಮಾಡುವ ಟೈಲರ್, ಮನೆ ಸಾಮಾನು ಸಾಗಿಸುವ ಲಾರಿಯವರು, ಹೀಗೆ ಹನ್ನೊಂದು ಸಣ್ಣ ಅಂಗಡಿಗಳ ಆನ್‌ಲೈನ್ ಜಾಹೀರಾತು ಇವರ ಕೈಯಲ್ಲಿದೆ. ನೀವು ಏನನ್ನೋ ಹುಡುಕಿದಾಗ ಉತ್ತರಗಳ ತಲೆಯ ಮೇಲೆ 'ಜಾಹೀರಾತು' ಎಂಬ ಪುಟ್ಟ ಪದ ಹೊತ್ತು ಎರಡು ಮೂರು ಸಾಲು ಬರುತ್ತವಲ್ಲ, ಅವನ್ನು ಬರೆಯುವವರು, ಯಾರಿಗೆ ಕಾಣಬೇಕು, ಯಾರಿಗೆ ಕಾಣಬಾರದು ಎಂದು ನಿರ್ಧರಿಸುವವರು ಇಂಥವರು. ಸಾಲು ಕಂಡರೆ ಅಂಗಡಿಯವರಿಗೆ ಖರ್ಚಿಲ್ಲ. ಯಾರಾದರೂ ಅದರ ಮೇಲೆ ಬೆರಳೊತ್ತಿದರೆ ಖರ್ಚು. ಒತ್ತಿದವರು ಏನೂ ಕೊಳ್ಳದೆ ಹೋದರೂ ಖರ್ಚು ಖರ್ಚೇ.

"ಇದೊಂದು ಹರಾಜು," ಎನ್ನುತ್ತಾರೆ ಅಕ್ಕ. "ನೀವು ಹುಡುಕೋ ಗುಂಡಿ ಒತ್ತಿ ಕಣ್ಣು ಮಿಟುಕಿಸೋದ್ರಲ್ಲಿ ಹರಾಜು ಮುಗಿದಿರುತ್ತೆ. ದೊಡ್ಡ ಕೈ ಇರೋರು ಜೋರಾಗಿ ಕೂಗ್ತಾರೆ. ನಮ್ಮಂಥೋರು ಎಲ್ಲಿ ಕೂಗಬಾರದು ಅಂತ ಮೊದ್ಲು ಕಲೀಬೇಕು. ನನ್ನ ಕೆಲಸದಲ್ಲಿ ಮುಕ್ಕಾಲು ಪಾಲು ಬೇಡ ಅನ್ನೋದೇ."

ಮನೆಯಲ್ಲಿ ಈ ಕೆಲಸಕ್ಕೆ ಅಂಥ ಗೌರವವೇನಿಲ್ಲ. ಅತ್ತೆ ಯೌವನದಿಂದ ನಿವೃತ್ತಿಯವರೆಗೆ ಶರ್ಟ್ ಕಾರ್ಖಾನೆಯಲ್ಲಿ ಗುಂಡಿ ಹೊಲಿದವರು. ನೆರೆಯವರು ಸೊಸೆಯ ಕೆಲಸ ಕೇಳಿದರೆ ಅವರ ಉತ್ತರ ಸಿದ್ಧ: "ನಾನು ಗುಂಡಿ ಹೊಲೀತಿದ್ದೆ, ಇವಳು ಜನರ ಕೈಲಿ ಗುಂಡಿ ಒತ್ತಿಸ್ತಾಳೆ. ನಮ್ಮ ವಂಶವೇ ಗುಂಡಿ ವಂಶ." ಕಾಲೇಜಿಗೆ ಹೋಗುವ ಮಗಳು ಇನ್ನೂ ಖಾರ. "ಅಮ್ಮಾ, ನೀನು ಕಷ್ಟಪಟ್ಟು ಬರೆಯೋದನ್ನ ಜನ ಕಷ್ಟಪಟ್ಟು ತಪ್ಪಿಸಿಕೊಳ್ತಾರೆ" ಎಂದು ಛೇಡಿಸುತ್ತಾಳೆ. ಅಕ್ಕ ಎರಡಕ್ಕೂ ತಲೆಯಾಡಿಸುತ್ತಾರೆ. ಸುಳ್ಳೇನಲ್ಲವಲ್ಲ ಎಂಬ ಭಾವ.

ಇವರು ಈ ದಾರಿಗೆ ಬಂದದ್ದು ಆಸೆಪಟ್ಟಲ್ಲ. ಅದಕ್ಕೆ ಮೊದಲು ಒಂದು ಪತ್ರಿಕೆಯ ವರ್ಗೀಕೃತ ಜಾಹೀರಾತಿನ ಕೌಂಟರಿನಲ್ಲಿ ಹದಿನಾರು ವರ್ಷ ಕೂತಿದ್ದರು. ಬಾಡಿಗೆಗೆ ಮನೆ, ಕಳೆದುಹೋದ ನಾಯಿ, ಮಾರಾಟಕ್ಕೆ ಹೊಲಿಗೆ ಯಂತ್ರ, ಹೆಸರು ಬದಲಾವಣೆ, ನಿಧನ. ಗಾಜಿನ ಕಿಂಡಿಯಾಚೆ ನಿಂತವರು ಹೇಳಿಕೊಳ್ಳುವ ದೊಡ್ಡ ಕಥೆಯನ್ನು ನಾಲ್ಕು ಸಾಲಿಗೆ ಇಳಿಸುವುದು ಇವರ ಕೆಲಸ. "ಗಂಡ ತೀರಿಹೋದ ಹೆಂಗಸರು ಬಂದು ಅವರ ಗುಣಗಾನ ಎಲ್ಲ ಹಾಕಿ ಅಂತಿದ್ರು. ಪದ ಜಾಸ್ತಿ ಆದ್ರೆ ದುಡ್ಡು ಜಾಸ್ತಿ. ಯಾವ ಗುಣ ಇಟ್ಟು ಯಾವುದನ್ನ ಬಿಡೋದು ಅಂತ ಇಬ್ಬರೂ ಕೂತು ಆರಿಸ್ತಿದ್ವಿ," ಎಂದು ನೆನೆಯುತ್ತಾರೆ. ಕೊನೆಗೆ ಆ ಕೌಂಟರಿಗೆ ಬರುವವರೇ ಇಲ್ಲವಾದರು. ಒಂದು ಸೋಮವಾರ ಕಿಂಡಿಗೆ ಹಲಗೆ ಹೊಡೆದಿತ್ತು.

ಮಗಳು ಬಿಟ್ಟ ಲ್ಯಾಪ್‌ಟಾಪಿನಲ್ಲಿ, ಉಚಿತ ಪಾಠಗಳನ್ನು ನೋಡಿಕೊಂಡು, ನಲವತ್ತು ದಾಟಿದ ಮೇಲೆ ಹೊಸ ಕೆಲಸ ಕಲಿತರು. ಆರಂಭದ ಗಿರಾಕಿಗಳಲ್ಲಿ ಒಬ್ಬರು ಮಂಚದ ಅಂಗಡಿಯ ಯಜಮಾನರು. ಮನೆಯಲ್ಲೇ ರೋಗಿಗಳನ್ನು ನೋಡಿಕೊಳ್ಳುವವರಿಗೆ ಎತ್ತರ ತಗ್ಗು ಮಾಡುವ ಮಂಚ, ಗಾಲಿಕುರ್ಚಿ, ನಡೆಯಲು ಊರಿಕೊಳ್ಳುವ ಚೌಕಟ್ಟು ಇವನ್ನೆಲ್ಲ ಬಾಡಿಗೆಗೆ ಕೊಡುವ ಅಂಗಡಿ ಅದು. 'ಬಾಡಿಗೆಗೆ ಮಂಚ' ಎಂದು ಹುಡುಕಿದವರಿಗೆಲ್ಲ ಕಾಣುವಂತೆ ಅಕ್ಕ ಜಾಹೀರಾತು ಹಾಕಿದರು. ಫೋನೋ ಫೋನು. ಕರೆ ಮಾಡಿದವರೆಲ್ಲ ಹಾಸ್ಟೆಲಿನಂಥ ಕೋಣೆಯಲ್ಲಿ ಒಂದು ಮಂಚದ ಜಾಗ ಹುಡುಕುವ ವಿದ್ಯಾರ್ಥಿಗಳು.

"ಒಬ್ಬ ಹುಡುಗ, ಮಂಚ ಸರಿ ಸಾರ್, ಅಡುಗೆಮನೆ ಜೊತೇಲೇ ಬರುತ್ತಾ ಅಂತ ಕೇಳಿದ್ನಂತೆ. ಯಜಮಾನ್ರು ನನ್ನ ಮೇಲೆ ಕೆಂಡ ಕಾರಿದ್ರು. ಅವತ್ತೇ ಕಲಿತೆ, ಜನ ಬರೆಯೋ ಪದ ಒಂದು, ಅವರ ಮನಸ್ಸಲ್ಲಿರೋದು ಇನ್ನೊಂದು."

ಯಜಮಾನರು ಸಿಡುಕಿನ ಮನುಷ್ಯ. ಮೊದಲು ಆಂಬುಲೆನ್ಸ್ ಓಡಿಸುತ್ತಿದ್ದವರು. ಮಂಡಿ ಸವೆದ ಮೇಲೆ ಅಂಗಡಿ ಇಟ್ಟರು. ಅಂಗಡಿಯ ಮೇಲೆಯೇ ಮನೆ. ನಾನು ಹೋದಾಗ ಗಾಲಿಕುರ್ಚಿಯೊಂದನ್ನು ತಲೆಕೆಳಗು ಮಾಡಿ ಚಕ್ರಕ್ಕೆ ಎಣ್ಣೆ ಬಿಡುತ್ತಿದ್ದರು. "ಅವಳ ಬಗ್ಗೆ ಬರೀತೀರಾ? ಬರೀರಿ. ನನ್ನ ನಿದ್ದೆ ಕೆಡಿಸಿದೋಳು ಅಂತ ಬರೀರಿ," ಎಂದರು.

ಅದರ ಕಥೆ ಇದು. ಎರಡು ವರ್ಷದ ಕೆಳಗೆ ಊರಿಗೆ ಅದೇ ವ್ಯಾಪಾರದ ದೊಡ್ಡ ಕಂಪನಿಯೊಂದು ಬಂತು. ಅಕ್ಕ ಕೂಗುತ್ತಿದ್ದ ಪ್ರತಿ ಪದಕ್ಕೂ ಅವರು ಮೂರು ಪಟ್ಟು ಜೋರಾಗಿ ಕೂಗತೊಡಗಿದರು. ಮಂಚ ಎಂದು ಹುಡುಕಿದರೂ ಅವರೇ, ಗಾಲಿಕುರ್ಚಿ ಎಂದು ಹುಡುಕಿದರೂ ಅವರೇ. ಯಜಮಾನರ ಜಾಹೀರಾತು ಕಾಣುವುದೇ ಅಪರೂಪವಾಯಿತು. ಅಂಗಡಿಯಲ್ಲಿ ಮಂಚಗಳು ಒಂದರ ಮೇಲೊಂದು ಮಡಚಿ ನಿಂತವು. "ಈ ತಿಂಗಳು ನೋಡ್ತೀನಿ. ಆಮೇಲೆ ನಿನ್ನ ಜಾಹೀರಾತೂ ಬೇಡ, ಈ ಅಂಗಡೀನೂ ಬೇಡ," ಎಂದರು ಯಜಮಾನರು.

ಅಕ್ಕ ಮನೆಗೆ ಬಂದು, ಅದುವರೆಗೆ ತಾವೇ 'ಬೇಡ' ಎಂದು ತಳ್ಳಿದ್ದ ಸಾಲುಗಳನ್ನು ಮತ್ತೆ ತೆರೆದು ಕೂತರು. ಕೊಳ್ಳುವವರ ಮಾತಲ್ಲ ಎಂದು ಬಿಟ್ಟ ಸಾಲುಗಳು ಅವು. ರಾತ್ರಿ ಮಂಚದಿಂದ ಬೀಳದ ಹಾಗೆ ಏನು ಮಾಡಬೇಕು. ಬಿದ್ದವರನ್ನು ಒಬ್ಬರೇ ಎತ್ತೋದು ಹೇಗೆ. ಅಮ್ಮ ರಾತ್ರಿ ಎದ್ದು ಓಡಾಡ್ತಾರೆ ಬಾಗಿಲು ಹಾಕಬಹುದಾ. ಹೆಚ್ಚಿನವು ಬಂದಿದ್ದದ್ದು ನಸುಕಿನಲ್ಲಿ.

"ಯಾರು ಬರೆದ್ರು ಅಂತ ನನಗೆ ಗೊತ್ತಾಗಲ್ಲ. ಹೆಸರಿಲ್ಲ, ಮುಖ ಇಲ್ಲ. ಒಬ್ಬರೋ ಹತ್ತು ಜನಾನೋ, ಅದೂ ಗೊತ್ತಾಗಲ್ಲ. ಮಾತು ಮಾತ್ರ ಕಾಣುತ್ತೆ. ಆದ್ರೆ ಆ ಹೊತ್ತಲ್ಲಿ ಎದ್ದು ಕೂತು ಅದನ್ನ ಬರೀತಾರೆ ಅಂದ್ರೆ, ಪಕ್ಕದಲ್ಲಿ ಕೇಳೋಕೆ ಯಾರೂ ಇಲ್ಲ ಅಂತಲೇ ಅರ್ಥ ಅಲ್ವಾ?"

ದೊಡ್ಡ ಕಂಪನಿ ಈ ಮಾತುಗಳಿಗೆ ಕೂಗುತ್ತಿರಲಿಲ್ಲ. ಇವುಗಳಲ್ಲಿ ಲಾಭವಿಲ್ಲ ಎಂದು ಅವರೂ ತಳ್ಳಿದ್ದರೇನೋ. ಅಕ್ಕ ಮಂಚವೆಂಬ ಪದದ ಮೇಲೆ ಸುರಿಯುತ್ತಿದ್ದ ಖರ್ಚನ್ನೆಲ್ಲ ನಿಲ್ಲಿಸಿದರು. ಅಂಗಡಿಯ ಸುತ್ತಮುತ್ತಲಿನ ಬೀದಿಗಳಿಗೆ ಮಾತ್ರ, ನಸುಕಿನಿಂದ ಬೆಳಗಿನ ಹೊತ್ತಿನವರೆಗೆ ಮಾತ್ರ ಕಾಣುವಂತೆ ಹೊಸದೊಂದು ಬರೆದರು. ಮೊದಲ ಸಾಲು: 'ರಾತ್ರಿ ಬೀಳುತ್ತಾರೆಯೇ? ಒಬ್ಬರೇ ಎತ್ತಬೇಡಿ.' ಎರಡನೆಯದು: 'ಮಂಚಕ್ಕೆ ಹಾಕುವ ಅಡ್ಡಪಟ್ಟಿ ನಮ್ಮಲ್ಲಿದೆ. ಫೋನ್ ಮಾಡಿ.' ಕೆಳಗೆ ಅಂಗಡಿಯ ನಂಬರ್.

ಯಜಮಾನರಿಗೆ ತೋರಿಸಿದಾಗ, "ಇದೇನು ಜಾಹೀರಾತಾ, ಬುದ್ಧಿವಾದಾನಾ?" ಎಂದರು. ಮುಳುಗುವವನಿಗೆ ಮಳೆಯ ಚಿಂತೆ ಯಾಕೆ ಎನ್ನುವ ಹಾಗೆ ಕೈ ಬೀಸಿ ಒಪ್ಪಿದರು.

ಒತ್ತುವವರು ಸಿಕ್ಕರು. ಆದರೆ ಫೋನ್ ಎತ್ತುವವರಿರಲಿಲ್ಲ. ಯಜಮಾನರು ಅಂಗಡಿ ತೆಗೆಯುವುದೇ ಒಂಬತ್ತರ ಮೇಲೆ. ಮೂರು ಬೆಳಗು ಕರೆಗಳೆಲ್ಲ ಬಡಿದುಕೊಂಡು ಸುಮ್ಮನಾದವು. ನಾಲ್ಕನೆಯ ದಿನ ಅಕ್ಕ ಕರೆಗಳನ್ನು ತಮ್ಮ ಫೋನಿಗೇ ತಿರುಗಿಸಿಕೊಂಡರು. "ಹಾಕಿಸಿದೋಳು ನಾನು. ಒತ್ತಿದ ಮೇಲೆ ಆ ಕಡೆ ಯಾರೂ ಇಲ್ಲ ಅಂದ್ರೆ ಅದು ಮೋಸ ತಾನೇ?"

ಕರೆ ಮಾಡಿದವರಲ್ಲಿ ಕೊಳ್ಳುವವರು ಕಡಿಮೆ, ಅಳುವವರು ಹೆಚ್ಚು. ಏನು ಹೇಳಬೇಕೆಂದು ಇವರಿಗೂ ಗೊತ್ತಿಲ್ಲ. ಹಗಲು ಅಂಗಡಿಗೆ ಹೋಗಿ ಯಜಮಾನರನ್ನು ಕೇಳಿ, ಮರುದಿನ ಅದನ್ನೇ ಹೇಳುತ್ತಿದ್ದರು. ಹಾಸಿಗೆಯನ್ನು ನೆಲಕ್ಕೇ ಇಳಿಸಿ. ಕಾಲೊರೆಸುವ ಬಟ್ಟೆ ತೆಗೆದಿಡಿ. ನೋವಿದ್ದರೆ, ತಲೆ ಬಡಿದಿದ್ದರೆ ಅಲುಗಾಡಿಸದೆ ಆಂಬುಲೆನ್ಸಿಗೆ ಹೇಳಿ.

ಆ ತಿಂಗಳ ಕೊನೆಯ ವಾರ ಒಂದು ನಸುಕಿನಲ್ಲಿ, ಅಕ್ಕನ ಗಂಡ ಇನ್ನೂ ಪಾಳಿಗೆ ಹೊರಟಿರಲಿಲ್ಲ, ಮುದುಕರೊಬ್ಬರ ಕರೆ ಬಂತು.

"ಅಮ್ಮಾ, ಮಂಚದ ಅಂಗಡಿನಾ?"

"ಹೌದು, ಹೇಳಿ ತಾತ."

"ನಮ್ಮನೆಯವಳು ಕೆಳಗೆ ಬಿದ್ದಿದ್ದಾಳೆ. ನಿಮ್ಮದ್ರಲ್ಲಿ ಒಬ್ಬರೇ ಎತ್ತಬೇಡಿ ಅಂತ ಬರ್ದಿದೆ. ಇಲ್ಲಿ ಇರೋದೇ ನಾನೊಬ್ಬ. ಈಗ ಏನ್ ಮಾಡ್ಲಿ?"

ಈ ಮಾತು ಹೇಳುವಾಗ ಅಕ್ಕ ಕೀಲಿಮಣೆಯಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ. "ಆ ಸಾಲು ಬರೆಯುವಾಗ ಚೆನ್ನಾಗಿದೆ ಅನ್ನಿಸಿತ್ತು. ಒಬ್ಬರೇ ಇರೋರು ಓದಿದ್ರೆ ಏನ್ ಮಾಡ್ತಾರೆ ಅಂತ ಯೋಚನೇನೇ ಮಾಡಿರಲಿಲ್ಲ."

ತಲೆಗೆ ಪೆಟ್ಟಾಗಿದೆಯೇ, ಎಲ್ಲಾದರೂ ನೋವಿದೆಯೇ ಎಂದು ಕೇಳಿದರು. ಇಲ್ಲ, ಮೆಲ್ಲಗೆ ಜಾರಿ ಕೂತದ್ದು, ನೋವೇನಿಲ್ಲ, ಆಂಬುಲೆನ್ಸ್ ಎಂದರೆ ಹೆದರಿ ಬೈಯುತ್ತಾಳೆ ಎಂದರು ಮುದುಕರು. ವಿಳಾಸ ಅಂಗಡಿಯಿಂದ ಎರಡು ಬೀದಿಯಾಚೆ. ಅಕ್ಕ ಗಂಡನ ಫೋನಿನಿಂದ ಯಜಮಾನರನ್ನು ಎಬ್ಬಿಸಿದರು.

"ಅಂಗಡಿ ಒಂಬತ್ತಕ್ಕೆ ತೆಗೆಯೋದು ಕಣಮ್ಮಾ!"

"ಅಂಗಡಿ ಬೇಡ ಯಜಮಾನ್ರೇ, ನೀವು ಬೇಕು."

ಆ ಕಡೆ ಚಪ್ಪಲಿ ಹುಡುಕುವ ಸದ್ದು.

ಯಜಮಾನರು ತಲುಪುವವರೆಗೆ ಅಕ್ಕ ಮುದುಕರ ಕರೆ ಬಿಡಲಿಲ್ಲ. ಬೆನ್ನಿಗೊಂದು ದಿಂಬು ಕೊಡಿಸಿದರು, ಹೊದಿಕೆ ಹೊದಿಸಲು ಹೇಳಿದರು, ನೀವೂ ಅವರ ಪಕ್ಕ ಕೂತುಬಿಡಿ ಎಂದರು. ಹಿಂದಿನಿಂದ ಅಜ್ಜಿಯ ದನಿ ಕೇಳಿಸಿತು: "ಯಾರ ಹತ್ರ ಮಾತಾಡ್ತಿದೀರಿ ಇಷ್ಟೊತ್ತಿಗೆ?"

"ಜಾಹೀರಾತಿನವರು ಕಣೆ."

"ಜಾಹೀರಾತಿನೋರಾ? ನಮಗೇನೂ ಬೇಡ ಅಂತ ಹೇಳಿ ಇಡ್ರೀ ಫೋನು!"

ಇದನ್ನು ಹೇಳುವಾಗ ಅಕ್ಕ ಬಿದ್ದು ಬಿದ್ದು ನಗುತ್ತಾರೆ. ಪಕ್ಕದ ಕೋಣೆಯಿಂದ ಅತ್ತೆ "ಮೆಲ್ಲಗೆ" ಎಂದು ಗದರುವವರೆಗೂ.

ಯಜಮಾನರು ಹೋಗಿ, ಮಡಚಿದ ದುಪ್ಪಟಿಯೊಂದನ್ನು ಅಜ್ಜಿಯ ಬೆನ್ನಿನ ಸುತ್ತ ಹಾಕಿ, ಮುದುಕರಿಗೆ ಒಂದು ತುದಿ ಹಿಡಿಸಿ, ಎತ್ತಿ ಮಂಚದ ಮೇಲೆ ಕೂರಿಸಿದರು. ಏನನ್ನೂ ಮಾರಲಿಲ್ಲ. ಆ ಬೆಳಗಿನ ಬಗ್ಗೆ ಕೇಳಿದರೆ ಅವರು ಎಣ್ಣೆಯ ಡಬ್ಬಿ ಕೆಳಗಿಟ್ಟು, ಕೈ ಒರೆಸಿಕೊಂಡು ಹೇಳುತ್ತಾರೆ: "ಆಂಬುಲೆನ್ಸಲ್ಲಿ ಎಷ್ಟೋ ಜನರನ್ನ ಎತ್ತಿದ್ದೀನಿ. ಎತ್ತಿ ಆಸ್ಪತ್ರೆ ಬಾಗಿಲಿಗೆ ಬಿಟ್ರೆ ನನ್ನ ಕೆಲಸ ಮುಗೀತು. ಮನೆಯೊಳಗೆ ಎತ್ತಿ ಕೂರಿಸಿ, ಅವರು ಕೊಟ್ಟ ಚಹಾ ಕುಡಿದು ಬಂದಿದ್ದು ಅದೇ ಮೊದಲು."

ಅವತ್ತು ಅಂಗಡಿಗೆ ಬಂದ ಅಕ್ಕನಿಗೆ ಅವರು ಹೇಳಿದ್ದು ಇಷ್ಟೇ: "ಆ ಜಾಹೀರಾತು ಇರ್ಲಿ. ದಿನ ಬಿಟ್ಟು ದಿನ ಫೋನ್ ನನ್ನ ಕಡೆ ತಿರುಗಿಸು. ನೀನೂ ಮನುಷ್ಯಳೇ ತಾನೇ."

ಮೊದಲ ಸಾಲನ್ನು ಅಕ್ಕ ಅಂದೇ ತಿದ್ದಿದರು. 'ರಾತ್ರಿ ಬೀಳುತ್ತಾರೆಯೇ? ಒಬ್ಬರೇ ಇದ್ದೀರಾ? ಫೋನ್ ಮಾಡಿ.' ಅದು ಈಗಲೂ ಹಾಗೆಯೇ ಇದೆ.

ಅಂಗಡಿ ಮುಚ್ಚಲಿಲ್ಲ. ಹಾಗೆಂದು ಉದ್ಧಾರವಾಗಿಯೂ ಹೋಗಲಿಲ್ಲ. ಅಡ್ಡಪಟ್ಟಿ ಅಂಥ ಬೆಲೆಯ ವಸ್ತುವಲ್ಲ. ಆದರೆ ಅದಕ್ಕೆ ಬಂದವರು ಮುಂದೆ ಮಂಚಕ್ಕೂ ಇಲ್ಲಿಗೇ ಬಂದರು, ನೆಂಟರಿಗೂ ಹೇಳಿದರು. ದೊಡ್ಡ ಕಂಪನಿ ಇಂದಿಗೂ ಎಲ್ಲರ ತಲೆಯ ಮೇಲೆ ಕೂತಿದೆ. ಅವರಿಗೆ ಈ ಅಂಗಡಿ ಲೆಕ್ಕಕ್ಕಿಲ್ಲ.

ಆ ಮುದುಕರೂ ಅಡ್ಡಪಟ್ಟಿ ಒಯ್ದರು. ಚಳಿಗಾಲಕ್ಕೆ ಮಂಚವನ್ನೂ ತರಿಸಿಕೊಂಡರು. ಮರುವರ್ಷ ಮಂಚ ಹಿಂದಿರುಗಿಸಲು ಅವರೇ ವ್ಯಾನಿನ ಜೊತೆ ಬಂದಾಗ, ಹೆಂಡತಿ ಹೋಗಿ ಹದಿನೈದು ದಿನವಾಗಿತ್ತು. ಫೋನಿನಲ್ಲಿ ಮಾತಾಡುವ ಅಮ್ಮನನ್ನು ಒಮ್ಮೆ ನೋಡಬೇಕು ಎಂದರು. ಯಜಮಾನರು ಹೇಳಿ ಕಳಿಸಿದರು. ಅಕ್ಕ ಬಸ್ ಹಿಡಿದು ಓಡಿದರು.

"ಎದುರಿಗೆ ನಿಂತ್ಕೊಂಡು ಅವರೇ ಹೇಳಿದ್ರು, 'ಅವಳು ಕೊನೇವರೆಗೂ ನಿಮ್ಮನ್ನ ಜಾಹೀರಾತು ಅಂತಲೇ ಕರೀತಿದ್ಲಮ್ಮ. ಜಾಹೀರಾತಿಗೆ ಫೋನ್ ಮಾಡಿ ಕಾಲು ನೋಯ್ತಿದೆ ಅಂತ ಹೇಳಿ, ಅಂತಿದ್ಲು.' ಮಂಚದ ಚಕ್ರಕ್ಕೆ ಒಂದು ದಾರ ಸುತ್ತಿಕೊಂಡಿತ್ತು. ನಾನು ಅದನ್ನ ಬಿಡಿಸ್ತಾ ನಿಂತೆ."

ಬೆಳಕು ಹರಿದಿದೆ. ಕೆಳಗೆ ಬೀದಿಯಲ್ಲಿ ಹಾಲಿನ ಗಾಡಿಯ ಸದ್ದು. ಅಕ್ಕ ಬಟ್ಟೆಯ ಮೆಷಿನ್ ಚಾಲೂ ಮಾಡುತ್ತಾರೆ. ಮೇಜು ಅದರ ಜೊತೆ ನಡುಗತೊಡಗುತ್ತದೆ, ಪರದೆಯೂ. ನಡುಗುವ ಪರದೆಯ ಮೂಲೆಯಲ್ಲಿ ಒಂದು ಕೆಂಪು ಸೂಚನೆ: ಈ ಜಾಹೀರಾತು ಸರಿಯಾದ ಫಲ ಕೊಡುತ್ತಿಲ್ಲ, ನಿಲ್ಲಿಸುವುದು ಒಳ್ಳೆಯದು. ನಸುಕಿನ ಆ ಜಾಹೀರಾತಿಗೆ ತಂತ್ರಾಂಶ ವಾರ ವಾರವೂ ಹಾಕುವ ಛೀಮಾರಿ ಇದು. ಅಕ್ಕ ಅದನ್ನು ಬದಿಗೆ ಸರಿಸುತ್ತಾರೆ. "ಅದರ ತಪ್ಪಲ್ಲ ಬಿಡಿ. ಒತ್ತಿದೋರು ಎಷ್ಟು, ಕೊಂಡೋರು ಎಷ್ಟು, ಅಷ್ಟೇ ಅದಕ್ಕೆ ಗೊತ್ತು. ಉಳಿದ ಹತ್ತು ಅಂಗಡಿಗೆ ನಾನೂ ಅಷ್ಟೇ ನೋಡೋದು."

ಕಣ್ಣಿನ ಕೆಳಗೆ ಕಪ್ಪು ಕಟ್ಟಿದೆ. ಬೆರಳ ಗೆಣ್ಣು ಹಿಡಿದುಕೊಳ್ಳುತ್ತದೆಂದು ಆಗಾಗ ಮುಷ್ಟಿ ಬಿಗಿದು ಬಿಡುತ್ತಾರೆ. ಯಜಮಾನರ ಸರದಿಯ ದಿನವೂ ಎಚ್ಚರವಾಗಿಬಿಡುತ್ತದಂತೆ. ಮಲಗಿಯೇ ಚಾವಣಿ ನೋಡುವುದಂತೆ. ಹೋದ ತಿಂಗಳು ಲಾರಿಯವರು ಒಂದು ಮಾತೂ ಹೇಳದೆ ಇವರನ್ನು ಬಿಟ್ಟು ಬೇರೆಯವರನ್ನು ಹಿಡಿದರು, ಮತ್ತೆ ಮೊನ್ನೆ ಒಂದು ಮಾತೂ ಹೇಳದೆ ವಾಪಸ್ ಬಂದರು. ಇವರೂ ಏನೂ ಕೇಳಲಿಲ್ಲ. ಕೇಳಲು ತ್ರಾಣ ಬೇಕಲ್ಲ.

"ಸುಸ್ತಾಗಿದೆ," ಎನ್ನುತ್ತಾರೆ, ದೂರಿನ ದನಿಯಲ್ಲಲ್ಲ. "ಜ್ವರ ಬಂದ ಹಾಗಲ್ಲ. ಬಸ್ಸಲ್ಲಿ ನಿಂತೇ ದೂರ ಬಂದ್ರೆ ಇರುತ್ತಲ್ಲ, ಹಾಗೆ."

ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಇಂಥ ಲೇಖನದ ಕೊನೆಗೆ ನಾವು ಕೇಳಿಯೇ ಕೇಳುವ ಪ್ರಶ್ನೆ. ಹೊಸ ಲ್ಯಾಪ್‌ಟಾಪ್ ಎನ್ನುತ್ತಾರೆಯೋ, ಸ್ವಂತ ಕಚೇರಿ ಎನ್ನುತ್ತಾರೆಯೋ ಎಂದು ಪೆನ್ನು ಹಿಡಿದು ಕಾಯುತ್ತೇನೆ. ಅವರು ಮೆಷಿನ್ ಸುತ್ತುವುದನ್ನು ನೋಡುತ್ತಾ ಯೋಚಿಸುತ್ತಾರೆ.

"ಒಂದು ಬೆಳಗ್ಗೆ ಎದ್ದು ನೋಡಿದ್ರೆ, ಮಂಚದ ಜಾಹೀರಾತಿಗೆ ಒಂದೇ ಒಂದು ಕ್ಲಿಕ್ಕೂ ಬಂದಿರಬಾರದು. ಆ ಹೊತ್ತಲ್ಲಿ ಯಾರೂ ಏನೂ ಹುಡುಕಿಲ್ಲ, ಎಲ್ಲಾರೂ ಬೆಳಗಾಗೋತನಕ ಮಲಗಿದ್ರು ಅಂತ. ಒಂದೇ ದಿನ ಸಾಕು."

ದನಿ ತಗ್ಗಿಸಿ ಸೇರಿಸುತ್ತಾರೆ: "ಯಜಮಾನ್ರಿಗೆ ಮಾತ್ರ ಹೇಳ್ಬೇಡಿ."